ಸೂಲಗಿತ್ತಿ ಸೊಣ್ಣಮ್ಮ ಪಾಠಕ್ಕೆ ಹೋದದ್ದು

ಸಾರಕ್ಕಿಯಲ್ಲಿ ಆ ಕಾಲಕ್ಕೆ ಹುಟ್ಟಿದ ಯಾರನ್ನೇ ಕೇಳಿ, ಅವರು ಭೂಮಿಗೆ ಬಿದ್ದದ್ದು ಸೊಣ್ಣಮ್ಮನ ಕೈಗೆ. ಇವತ್ತು ಜೆ.ಪಿ. ನಗರ ಎಂದು ಬೋರ್ಡು ಹಾಕಿಕೊಂಡು ಮೆರೆಯುತ್ತಿರುವ ಜಾಗವೆಲ್ಲ ಆಗ ರಾಗಿ ಹೊಲ, ಅವರೆ ಸಾಲು, ಕೆರೆಯಂಚಿನ ಸೊಪ್ಪಿನ ಮಡಿ. ಹೊಲದಲ್ಲಿ ಕಳೆ ಕೀಳುತ್ತಿದ್ದವಳನ್ನು ಯಾರಾದರೂ ಓಡಿ ಬಂದು ಕರೆದರೆ ಸಾಕು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹೊರಟುಬಿಡುತ್ತಿದ್ದಳು. ಬಾಯಿ ಮಾತ್ರ ಬಲು ಜೋರು. ಹೆರುವ ಮನೆಯ ಬಾಗಿಲಲ್ಲಿ ಗಂಡಸರು ಸುಳಿದರೆ, "ಇಲ್ಲೇನ್ಲಾ ನಿನ್ ಕೆಲ್ಸ? ಹೋಗಿ ದನಕ್ಕೆ ನೀರು ತೋರ್ಸೋಗು" ಎಂದು ಗದರುವಳು, ಪಟೇಲನೇ ಆದರೂ ಅಷ್ಟೇ. ಮಗು ಕೈಗೆ ಬಂದ ಗಳಿಗೆಯಲ್ಲಿ ಆ ದನಿ ಎಲ್ಲಿಗೆ ಹೋಗುತ್ತಿತ್ತೋ! "ಬಂದ್ಯಾ ನನ್ನಪ್ಪ, ಬಂದ್ಯಾ" ಎಂದು ಅವಳು ಪಿಸುಗುಟ್ಟುವುದನ್ನು ಕೇಳಿದ ಬಾಣಂತಿಯರು ಅಷ್ಟು ಹೊತ್ತು ತಿಂದ ಬೈಗುಳವನ್ನೆಲ್ಲ ಮರೆಯುತ್ತಿದ್ದರು.

ಸ್ವಂತಕ್ಕೆ ಅವಳಿಗೆ ಮಕ್ಕಳಿರಲಿಲ್ಲ. ಮದುವೆಯಾದ ಆರನೇ ವರ್ಷಕ್ಕೆ ಗಂಡ ತೀರಿಕೊಂಡ. ಹೆರಿಗೆ ಮಾಡಿಸುವುದನ್ನು ಕಲಿಸಿಕೊಟ್ಟ ಅತ್ತೆಯೂ ಹೋದಳು. ಉಳಿದದ್ದು ಒಂದು ತುಂಡು ಹೊಲ, ಒಂದು ಕುಡುಗೋಲು, ಮತ್ತೆ ಮುನಿಲಕ್ಷ್ಮಮ್ಮ.

ಮುನಿಲಕ್ಷ್ಮಮ್ಮ ಪಕ್ಕದ ಜರಗನಹಳ್ಳಿಯವಳು. ಅವಳನ್ನು ಹೆತ್ತ ತಾಯಿ ಮೂರನೇ ದಿನಕ್ಕೆ ಕಣ್ಣು ಮುಚ್ಚಿದಾಗ, ಸೊಣ್ಣಮ್ಮ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಹಾಲಿರುವ ಬಾಣಂತಿಯರ ಮನೆ ಮನೆ ಅಲೆದಿದ್ದಳು. ಇಲ್ಲೊಂದು ಹೊತ್ತು, ಅಲ್ಲೊಂದು ಹೊತ್ತು ಎಂದು ಐದು ತಿಂಗಳು ಹಾಗೆಯೇ ಕುಡಿಸಿ ಬದುಕಿಸಿದ ಜೀವ ಅದು. ಬೆಳೆದ ಮೇಲೆ ಆ ಹುಡುಗಿ ಸಾರಕ್ಕಿಯ ಲಕ್ಷ್ಮಿದೇವಮ್ಮನ ಮಗ ಬೈರಣ್ಣನಿಗೆ ಹೆಂಡತಿಯಾಗಿ ಬಂದಳು. ಸೊಣ್ಣಮ್ಮನನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದಳು. ಹಾಗೆ ಕರೆದಾಗಲೆಲ್ಲ ಸೊಣ್ಣಮ್ಮನ ಮುಖ ಅರಳುತ್ತಿತ್ತು, ಮುಚ್ಚಿಟ್ಟುಕೊಳ್ಳಲೂ ಬರುತ್ತಿರಲಿಲ್ಲ.

ಇಂಥವಳ ಹೆರಿಗೆಯನ್ನು ಸೊಣ್ಣಮ್ಮ ಬೇರೆಯವರ ಹೆರಿಗೆಯ ಹಾಗೆ ಮಾಡಿಸುತ್ತಾಳೆಯೇ? ಊರ ಮಕ್ಕಳಿಗೆಲ್ಲ ಹೊಕ್ಕುಳ ಮೇಲೆ ಒಂದು ಬೊಟ್ಟು ಹರಳೆಣ್ಣೆ ಸವರಿ ಮುಗಿಸುತ್ತಿದ್ದಳು. ಮುನಿಲಕ್ಷ್ಮಮ್ಮನ ಮಗುವಿಗೆ ಮಾತ್ರ ಅದು ಸಾಲದು ಅನಿಸಿತು. ಮುನೇಶ್ವರನ ಗುಡಿಗೆ ಬಿಟ್ಟಿದ್ದ ಬಸವನ ಸಗಣಿಯನ್ನು ಮಡಿಯಲ್ಲಿ ಎತ್ತಿ ತಂದು, ಬೆರಣಿ ತಟ್ಟಿ, ಗುಡಿಯ ಮುಂದೆಯೇ ಸುಟ್ಟು, ಆ ಬೂದಿಯನ್ನು ಬಟ್ಟೆಯಲ್ಲಿ ಸೋಸಿ ಹಿತ್ತಾಳೆ ಡಬ್ಬಿಯಲ್ಲಿ ತುಂಬಿಟ್ಟಳು. ಮಗು ಹುಟ್ಟಿದ ಕೂಡಲೇ ಹೊಕ್ಕುಳಿಗೆ ಅದನ್ನು ಮೆತ್ತಿ ಕೈ ಮುಗಿದಳು. ಗಂಡು ಮಗು. ಆರು ದಿನ ಚೆನ್ನಾಗಿತ್ತು. ಏಳನೇ ದಿನ ಮೊಲೆ ಹಿಡಿಯಲಿಲ್ಲ, ದವಡೆ ಕಚ್ಚಿಕೊಂಡಿತು. ಎಂಟನೇ ದಿನ ಹೋಯಿತು. ಗಾಳಿ ಸೋಂಕು ಅಂದರು ಊರವರು. ಎರಡು ವರ್ಷದ ಮೇಲೆ ಹೆಣ್ಣು ಮಗುವಾಯಿತು. ಈ ಸಲ ಸೊಣ್ಣಮ್ಮ ಬೂದಿಯನ್ನು ಇನ್ನೊಂದಿಷ್ಟು ಜಾಸ್ತಿಯೇ ಹಚ್ಚಿದಳು. ಅದೂ ಹಾಗೆಯೇ, ಅದೇ ಎಂಟನೇ ದಿನಕ್ಕೆ ಹೋಯಿತು.

ಆಮೇಲೆ ಆ ಮನೆಯಲ್ಲಿ ಎರಡು ಮಕ್ಕಳ ಮಾತನ್ನು ಯಾರೂ ಎತ್ತಕೂಡದು ಎಂದಾಯಿತು. ಎತ್ತಿದರೆ ಮುಂದಿನದಕ್ಕೆ ಆಗಿಬರುವುದಿಲ್ಲ ಎಂದು ಲಕ್ಷ್ಮಿದೇವಮ್ಮನ ಕಟ್ಟಪ್ಪಣೆ. ತೊಟ್ಟಿಲು ಅಟ್ಟ ಸೇರಿತು. ಮಾತು ಮಾತ್ರ ಬೇರೆ ದಾರಿಯಲ್ಲಿ ಹೊರಬಂತು: ಹೆತ್ತ ತಾಯಿಯನ್ನು ನುಂಗಿದವಳು, ಇವಳ ಎದೆಹಾಲೇ ವಿಷ. ಮುನಿಲಕ್ಷ್ಮಮ್ಮ ಅದನ್ನು ಕೇಳಿಸಿಕೊಂಡು ರಾಗಿ ಬೀಸುತ್ತಿದ್ದಳು. ಮೂರನೆಯ ಸಲ ಅವಳು ಬಸುರಾದಾಗ ಲಕ್ಷ್ಮಿದೇವಮ್ಮ ಹಿತ್ತಲಲ್ಲಿ ಒಂದು ಮೇಕೆ ತಂದು ಕಟ್ಟಿದಳು. ಹುಟ್ಟುವ ಮಗುವಿಗೆ ತಾಯಿಯ ಹಾಲು ತೋರಿಸುವ ಹಾಗೇ ಇಲ್ಲ, ಮೇಕೆ ಹಾಲೇ. ಇದೂ ಉಳಿಯದಿದ್ದರೆ ಉತ್ತರಹಳ್ಳಿಯಿಂದ ಬೈರಣ್ಣನಿಗೆ ಇನ್ನೊಂದು ಹೆಣ್ಣು ತರುವುದು ಎಂದೂ ಮಾತಾಗಿತ್ತು.

ಐವತ್ತೆಂಟನೇ ಇಸವಿಯ ಬೇಸಿಗೆ. ವಾರಿಜಾ ಎಂಬ ನರ್ಸು ಸೊಣ್ಣಮ್ಮನನ್ನು ಹುಡುಕಿಕೊಂಡು ಬಂದದ್ದು ಆಗಲೇ. ಬಸವನಗುಡಿಯ ಹುಡುಗಿ, ಬಿಳಿ ಸೀರೆ, ಕೈಯಲ್ಲಿ ಛತ್ರಿ. ಹಳ್ಳಿಗಳ ಸೂಲಗಿತ್ತಿಯರಿಗೆ ಸರ್ಕಾರದಿಂದ ತರಬೇತಿ, ಜಯನಗರದ ಹೆರಿಗೆ ಕೇಂದ್ರದಲ್ಲಿ ಎರಡು ತಿಂಗಳು, ವಾರಕ್ಕೆ ಮೂರು ದಿನ ಬರಬೇಕು ಎಂದಳು. ಸೊಣ್ಣಮ್ಮ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ನಿಂಗೆ ಮದ್ವೆ ಆಗೈತಾ ತಾಯಿ?"

"ಇಲ್ಲ."

"ಒಂದು ಹೆತ್ತಿಲ್ಲ, ನಂಗೆ ಹೆರಿಗೆ ಕಲಿಸ್ತೀಯಾ?"

ವಾರಿಜಾ ನಕ್ಕುಬಿಟ್ಟಳು. "ನೀವು ನನಗೆ ಕಲಿಸಿ. ನನಗೆ ಗೊತ್ತಿರೋ ನಾಲ್ಕು ವಿಷಯ ನಾನು ಹೇಳ್ತೀನಿ" ಎಂದಳು. ಅಂಥ ಮಾತಿಗೆಲ್ಲ ಸೊಣ್ಣಮ್ಮ ಕರಗುವವಳಲ್ಲ. ಆದರೆ ಆ ಸಂಜೆ ಬಾವಿಯ ಹತ್ತಿರ ಮುನಿಲಕ್ಷ್ಮಮ್ಮ ಎರಡು ತಿಂಗಳ ಹೊಟ್ಟೆಯ ಮೇಲೆ ಸುಮ್ಮನೆ ಕೈಯಿಟ್ಟುಕೊಂಡು ನಿಂತಿದ್ದನ್ನು ಕಂಡಳು. ಗಾಳಿಗೆ ಸರ್ಕಾರದ ಹತ್ತಿರ ಏನಾದರೂ ಮದ್ದಿದ್ದರೂ ಇರಬಹುದು ಅನಿಸಿತು. ಮರುವಾರವೇ ಹೊರಟಳು.

ಸಾರಕ್ಕಿ ಕೆರೆಯ ಏರಿ ಹತ್ತಿ, ಹೊಲದ ಬದುಗಳ ಮೇಲೆ ನಡೆದು, ಸೈಟಿನ ಕಲ್ಲು ನೆಟ್ಟ ಖಾಲಿ ಬಯಲು ದಾಟಿದರೆ ಜಯನಗರ. ಮನೆಗಳಿಗಿಂತ ಮೊದಲು ರಸ್ತೆಗಳು ಹುಟ್ಟಿದ್ದ ವಿಚಿತ್ರದ ಊರು ಅದು. ಕೇಂದ್ರದ ವರಾಂಡದಲ್ಲಿ ಹದಿನಾಲ್ಕು ಮಂದಿ ಸೂಲಗಿತ್ತಿಯರು ಎಲೆಯಡಿಕೆ ಹಾಕಿಕೊಂಡು ಚಾಪೆಯ ಮೇಲೆ ಕೂತಿದ್ದರು. ಮೊದಲನೇ ದಿನವೇ ಜಗಳ. ಕೈ ತೊಳೆಯುವ ಮುಂಚೆ ಬಳೆ ತೆಗೀಬೇಕು ಎಂದಳು ವಾರಿಜಾ. ತಲಘಟ್ಟಪುರದ ಅಂಜನಮ್ಮ ಎದ್ದು ನಿಂತಳು. "ಮನೇಲಿ ಗಂಡ ಗುಂಡುಕಲ್ಲಿನಂಗೆ ಕೂತವ್ನೆ, ನಾನ್ಯಾಕೆ ಬಳೆ ತೆಗೀಲಿ?" ಉಳಿದವರೂ ಹೌದು ಹೌದು ಅಂದರು. ಕೊನೆಗೆ ಬಳೆಯನ್ನು ಮೇಲಕ್ಕೇರಿಸಿ ಬಟ್ಟೆ ಕಟ್ಟಿಕೊಳ್ಳುವುದು ಎಂದು ರಾಜಿಯಾಯಿತು. ಸೊಣ್ಣಮ್ಮ ಮಾತ್ರ ತನ್ನ ಬರಿಗೈಯನ್ನು ಮೊದಲು ನೀಡಿ, "ನಂದು ಸುಲಭ ಬಿಡು ತಾಯಿ, ದೇವ್ರೇ ತೆಗ್ಸವ್ನೆ" ಎಂದಳು. ವಾರಿಜಾ ಆ ಕೈಗಳಿಗೆ ತಾನೇ ಸೋಪು ಹಚ್ಚಿ, ಉಗುರಿನ ಸಂದು ಸಂದನ್ನೂ ಬ್ರಷ್ಷಿನಿಂದ ಉಜ್ಜಿದಳು. ಯಾರೋ ತನ್ನ ಕೈ ಹಿಡಿದು ತೊಳೆದು ಎಷ್ಟು ಕಾಲವಾಗಿತ್ತು! ಸೊಣ್ಣಮ್ಮನಿಗೆ ಅಂದಿನಿಂದ ಆ ಹುಡುಗಿಯ ಮೇಲೆ ಪ್ರೀತಿ ಬಂತು.

ಅಕ್ಷರ ಬಾರದವರಿಗೆ ಪಾಠವೆಲ್ಲ ಬಾಯಲ್ಲಿ, ಕೈಯಲ್ಲಿ. ಬಟ್ಟೆಯ ಗೊಂಬೆಯನ್ನು ಇಟ್ಟುಕೊಂಡು ತಲೆ ತಿರುಗಿದೆಯೇ, ಕಾಲು ಮುಂದಾಗಿದೆಯೇ ಎಂದು ಕೇಳುತ್ತಿದ್ದಳು ವಾರಿಜಾ. ಅದರಲ್ಲಿ ಸೊಣ್ಣಮ್ಮನನ್ನು ಮೀರಿಸುವವರಿರಲಿಲ್ಲ. ಕಾಲು ಮುಂದಾದ ಕೂಸನ್ನು ಹೇಗೆ ತರುವುದೆಂದು ಅವಳು ತೋರಿಸಿದಾಗ ವಾರಿಜಾಳೇ ಬೆರಗಾಗಿ ನೋಡಿದಳು. ಒಂದು ದಿನ ಹೊಕ್ಕುಳ ಬಳ್ಳಿಯ ಪಾಠ ಬಂತು.

"ಕೊಯ್ದ ಜಾಗ ಹಸಿ ಗಾಯ. ಕುದಿಸಿದ ಕತ್ತರಿಯಲ್ಲೇ ಕೊಯ್ಯಬೇಕು. ಅದಕ್ಕೆ ಬೂದಿ, ಸಗಣಿ, ಮಣ್ಣು ಯಾವುದೂ ತಾಗಬಾರದು. ತಾಗಿದ್ರೆ ನಂಜಾಗತ್ತೆ. ಏಳೆಂಟು ದಿನಕ್ಕೆ ಮಗು ದವಡೆ ಕಚ್ಚಿಕೊಂಡು ಬಿಡತ್ತೆ. ಧನುರ್ವಾಯು ಅನ್ನೋದು ಅದಕ್ಕೇ."

ಸೊಣ್ಣಮ್ಮನಿಗೆ ದವಡೆ ಕಚ್ಚಿಕೊಂಡು ಹೋದ ಆ ಎರಡು ಕೂಸುಗಳು ಕಣ್ಣ ಮುಂದೆ ಬಂದವು. ಆದರೆ ಮನಸ್ಸು ಬಲು ಚುರುಕಿನದು, ತನ್ನನ್ನು ತಾನು ಕಾಪಾಡಿಕೊಳ್ಳುವುದಕ್ಕೆ ಕ್ಷಣ ಸಾಕು. ಇವರು ಹೇಳುವುದು ಒಲೆ ಬೂದಿಯ ಮಾತು, ಎಂಜಲು ಮುಸುರೆ ಬಿದ್ದ ಬೂದಿಯ ಮಾತು. ತಾನು ಹಚ್ಚಿದ್ದು ದೇವರ ಬಸವನದು, ಮಡಿಯಲ್ಲಿ ಮಾಡಿದ್ದು. ಅದರಲ್ಲಿ ನಂಜು ಎಲ್ಲಿಂದ ಬರಬೇಕು? ಹೀಗೆಂದುಕೊಂಡು ಎಲ್ಲರ ಜೊತೆ ತಲೆಯಾಡಿಸಿದಳು.

ಎರಡು ತಿಂಗಳು ಮುಗಿದಾಗ ಎಲ್ಲರಿಗೂ ಒಂದೊಂದು ಪೆಟ್ಟಿಗೆ ಕೊಟ್ಟರು. ಅಲ್ಯೂಮಿನಿಯಂ ಪೆಟ್ಟಿಗೆ, ಒಳಗೆ ಕತ್ತರಿ, ದಾರ, ಹತ್ತಿ, ಸೋಪು, ಬ್ರಷ್ಷು. ಸೊಣ್ಣಮ್ಮ ಅದನ್ನು ತಲೆಯ ಮೇಲಿಟ್ಟುಕೊಂಡು ಊರೊಳಗೆ ಬಂದ ಠೀವಿಯನ್ನು ನೋಡಬೇಕಿತ್ತು.

ಹದಿನೈದು ದಿನಕ್ಕೆ ವಾರಿಜಾ ಪೆಟ್ಟಿಗೆ ಹೇಗಿದೆ ಎಂದು ನೋಡಲು ಸಾರಕ್ಕಿಗೆ ಬಂದಳು. ಅಂದು ಶುಕ್ರವಾರ. ಸೊಣ್ಣಮ್ಮ ಮನೆ ಸಾರಿಸಿ, ರಂಗೋಲಿ ಬಿಟ್ಟು, ಪೆಟ್ಟಿಗೆಯನ್ನು ದೇವರ ಗೂಡಿನ ಮುಂದೆ ಇಟ್ಟಿದ್ದಳು. ಮುಚ್ಚಳಕ್ಕೆ ಅರಿಶಿನದ ಪಟ್ಟೆ, ಮೇಲೊಂದು ಕನಕಾಂಬರದ ತುಂಡು. ವಾರಿಜಾ ಮುಚ್ಚಳ ತೆಗೆದಳು. ಕತ್ತರಿಯ ಎರಡು ಅಲಗಿಗೂ ದುಂಡಗೆ ಕುಂಕುಮ. ದಾರವೆಲ್ಲ ಅರಿಶಿನದಲ್ಲಿ ಅದ್ದಿ ಹಳದಿಯಾಗಿತ್ತು.

"ಸೊಣ್ಣಮ್ಮ, ಕತ್ತರಿ ಕುದಿಸಿದ್ರಾ?"

"ಕುದಿಸ್ದೇನೆ ಬಿಡ್ತೀನಾ ತಾಯಿ? ಬೆಳಿಗ್ಗೆ ಎದ್ದು ಅದೇ ಮೊದ್ಲ ಕೆಲ್ಸ."

"ಕುದಿಸಿದ ಮೇಲೆ?"

"ಆಮೇಲೆ ಪೂಜೆ. ಜೀವ ತರೋ ಸಾಮಾನು, ಪೂಜೆ ಮಾಡ್ದೆ ಮುಟ್ಟೋಕಾಗುತ್ತಾ?"

ವಾರಿಜಾಳಿಗೆ ನಗುವೂ ಬಂತು, ಕಸಿವಿಸಿಯೂ ಆಯಿತು. "ಪೂಜೆ ಪೆಟ್ಟಿಗೆಗೆ ಮಾಡಿ, ಹೊರಗಡೆಯಿಂದ. ಕತ್ತರಿಗೆ ಬೇಡ. ನಂಜಿಗೆ ದೇವರದು, ಮನೇದು ಅಂತ ಭೇದ ಇಲ್ಲ ಸೊಣ್ಣಮ್ಮ. ಕುಂಕುಮ ಎಷ್ಟೇ ಪವಿತ್ರವಾಗಿರಲಿ, ಹಸಿ ಗಾಯಕ್ಕೆ ಅದೂ ದೂಳೇ" ಎಂದಳು. ಆಗ ಪೆಟ್ಟಿಗೆಯ ಮೂಲೆಯಲ್ಲಿದ್ದ ಹಿತ್ತಾಳೆ ಡಬ್ಬಿ ಕಣ್ಣಿಗೆ ಬಿತ್ತು. "ಇದೇನು? ನಾವು ಕೊಟ್ಟಿದ್ದಲ್ಲ."

"ಅದು ಮುನೇಶ್ವರನ ಬಸವನ ಬೂದಿ" ಎಂದಳು ಸೊಣ್ಣಮ್ಮ. ದನಿ ಆಗಲೇ ಕುಗ್ಗಿತ್ತು. "ಎಲ್ಲಾರ್ಗೂ ಹಚ್ಚಲ್ಲ. ನಮ್ ಮುನಿ ಮಕ್ಕಳಿಗೆ ಮಾತ್ರ ಹಚ್ಚಿದ್ದು."

"ಆ ಮಕ್ಕಳು ಹೇಗಿದಾರೆ?"

ಸೊಣ್ಣಮ್ಮ ಕೂತಲ್ಲೇ ಗೋಡೆಗೆ ಒರಗಿದಳು. ವಾರಿಜಾಳಿಗೆ ಕೇಳಿದ ಮೇಲೆ ಅರ್ಥವಾಯಿತು. ಇಪ್ಪತ್ತಮೂರು ವರ್ಷದ ಹುಡುಗಿ, ಪಾಪ, ಆ ಎರಡು ಕೈಗಳನ್ನೂ ಹಿಡಿದುಕೊಂಡಳು. "ನಿಮಗೆ ಯಾರೂ ಹೇಳಿಕೊಟ್ಟಿರಲಿಲ್ಲ" ಎಂದಳು. ಸೊಣ್ಣಮ್ಮ ಕೈ ಬಿಡಿಸಿಕೊಂಡು ಅವನ್ನೇ ತಿರುಗಿಸಿ ತಿರುಗಿಸಿ ನೋಡಿದಳು. "ಪ್ರೀತಿಗೆ ಹಚ್ಚಿದ್ನಲ್ಲವ್ವಾ" ಎಂದಳು. ಇಡೀ ಊರಿನಲ್ಲಿ ತಾನು ಎಲ್ಲರಿಗಿಂತ ಹೆಚ್ಚು ಅಕ್ಕರೆ ತೋರಿಸಿದ ಮಕ್ಕಳೇ ಹೋಗಿದ್ದವು.

ಅವಳು ಸುಮ್ಮನಿದ್ದುಬಿಡಬಹುದಿತ್ತು. ಬೂದಿಯನ್ನು ತಿಪ್ಪೆಗೆ ಚೆಲ್ಲಿ, ಮೂರನೆಯ ಹೆರಿಗೆಯನ್ನು ಕಲಿತ ಹಾಗೆ ಮಾಡಿಸಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಮೂರು ದಿನ ಅದನ್ನೇ ಯೋಚಿಸಿದಳು. ಆದರೆ ಮಗು ಉಳಿದರೆ ಹೆಸರು ಯಾರಿಗೆ ಹೋಗುತ್ತದೆ? ಮೇಕೆ ಹಾಲಿಗೆ. ಆಗ ಮುನಿಲಕ್ಷ್ಮಮ್ಮನ ಎದೆಹಾಲು ವಿಷವೆಂಬ ಮಾತು ಗಟ್ಟಿಯಾಗಿ, ಸಾಯುವವರೆಗೂ ಅವಳ ಹಣೆಗೆ ಅಂಟಿಕೊಂಡಿರುತ್ತದೆ. ಅವಳು ತನ್ನ ಮಗುವಿಗೆ ತಾನೇ ಹೆದರಿಕೊಂಡು ಬದುಕಬೇಕು. ಇದನ್ನು ಮಾತ್ರ ಸೊಣ್ಣಮ್ಮನಿಂದ ಸಹಿಸಲಾಗಲಿಲ್ಲ. ಹೇಳಿದರೆ ಊರಿನಲ್ಲಿ ಇದ್ದ ಒಂದೇ ಒಂದು ಮರ್ಯಾದೆ ಹೋಗುತ್ತದೆ, ಮುನಿಲಕ್ಷ್ಮಮ್ಮನೂ ದೂರವಾಗುತ್ತಾಳೆ. ನಾಲ್ಕನೇ ದಿನ ಬೆಳಿಗ್ಗೆ ಹೋಗಿ ಆ ಮನೆಯ ಜಗಲಿಯ ಕೆಳಗೆ ನಿಂತಳು.

ಲಕ್ಷ್ಮಿದೇವಮ್ಮ ಹುರುಳಿ ಕೇರುತ್ತಿದ್ದಳು. ಬೈರಣ್ಣ ನೊಗಕ್ಕೆ ಹಗ್ಗ ಸುತ್ತುತ್ತಿದ್ದ. ಮುನಿಲಕ್ಷ್ಮಮ್ಮ ಬಾಗಿಲಲ್ಲಿದ್ದಳು.

"ಲಕ್ಷ್ಮಿದೇವಕ್ಕ, ಇವ್ಳ ಹಾಲಲ್ಲಿ ಏನೂ ದೋಷ ಇಲ್ಲ" ಎಂದಳು ಸೊಣ್ಣಮ್ಮ. "ಎರಡು ಕೂಸೂ ಹೋಗಿದ್ದು ನನ್ ಕೈಯಿಂದ. ನಾನು ಹಚ್ಚಿದ ಬೂದಿ ನಂಜಾಗಿ ಹೋದ್ವು. ಗಾಳಿಯೂ ಅಲ್ಲ, ಇವ್ಳ ಹಣೆಬರಹಾನೂ ಅಲ್ಲ. ಪಾಠಕ್ಕೆ ಹೋಗಿ ತಿಳ್ಕೊಂಡೆ. ಬಯ್ಯೋದಿದ್ರೆ ನನ್ನ ಬಯ್ಯಿ. ಇವ್ಳನ್ನ ಬಿಡು."

ಹುರುಳಿ ಮೊರದಿಂದ ಚೆಲ್ಲಿತು. ಲಕ್ಷ್ಮಿದೇವಮ್ಮನ ಬಾಯಿಂದ ಬಂದದ್ದನ್ನೆಲ್ಲ ಇಲ್ಲಿ ಬರೆಯುವ ಹಾಗಿಲ್ಲ. ನಮ್ಮ ಹೊಸ್ತಿಲು ಇನ್ನು ತುಳಿಯಬೇಡ ಎಂಬುದೇ ಅದರಲ್ಲಿ ಮೆತ್ತಗಿನ ಮಾತು. ಸೊಣ್ಣಮ್ಮ ಅದಕ್ಕೆಲ್ಲ ತಯಾರಾಗಿಯೇ ಬಂದಿದ್ದಳು. ಅವಳು ನೋಡುತ್ತಿದ್ದುದು ಮುನಿಲಕ್ಷ್ಮಮ್ಮನ ಮುಖವನ್ನು. ಮುನಿಲಕ್ಷ್ಮಮ್ಮ ತಿರುಗಿ ಒಳಕ್ಕೆ ಹೋದಳು.

ಊರೆಂದ ಮೇಲೆ ಸುದ್ದಿಗೆ ಕಾಲು ಬರುವುದು ತಡವೇ? ಕರೆಯುವವರು ಕಡಿಮೆಯಾದರು. ಎದುರಿಗೆ ಸಿಕ್ಕವರು ಮುಖ ತಿರುಗಿಸಿದರು. ಒಂದು ದಿನ ಸೊಣ್ಣಮ್ಮ ಪೆಟ್ಟಿಗೆ ಹೊತ್ತು ಜಯನಗರಕ್ಕೆ ಹೋಗಿ ಅದನ್ನು ವಾರಿಜಾಳ ಮೇಜಿನ ಮೇಲಿಟ್ಟಳು.

"ತಗೋ ತಾಯಿ. ಇದು ಇನ್ನು ನಂಗೆ ಬೇಡ."

ವಾರಿಜಾ ಅದನ್ನು ಮುಟ್ಟಲಿಲ್ಲ. "ನಾನು ಹಳ್ಳಿ ಹಳ್ಳಿ ತಿರುಗಿ ಬೂದಿ ಹಚ್ಚಬೇಡಿ ಅಂತೀನಿ. ಎಲ್ಲರೂ ತಲೆ ಅಲ್ಲಾಡಿಸ್ತಾರೆ, ನೀವು ಅಲ್ಲಾಡಿಸಿದ ಹಾಗೆ. ಆಮೇಲೆ ಮನೆಗೆ ಹೋಗಿ ಹಚ್ತಾರೆ. ನಿನ್ನೆ ಜರಗನಹಳ್ಳಿಯಲ್ಲಿ ಒಬ್ಬ ಬಾಣಂತಿ ಏನಂದಳು ಗೊತ್ತಾ? ಸಾರಕ್ಕಿ ಸೊಣ್ಣಮ್ಮನೇ ಹೇಳಿದಾಳಂತೆ, ಅದಕ್ಕೇ ನಾನು ಹಚ್ಚಲಿಲ್ಲ ಅಂದಳು. ಪೆಟ್ಟಿಗೆ ತಗೊಂಡು ಹೋಗಿ." ಸೊಣ್ಣಮ್ಮ ಅಲ್ಲೇ ಕೂತು ಅತ್ತಳು. ಬೂದಿಯ ವಿಷಯ ತಿಳಿದ ದಿನದಿಂದ ಅವಳು ಅತ್ತದ್ದು ಅದೇ ಮೊದಲು.

ಕಾರ್ತಿಕ ಕಳೆದಿತ್ತು. ರಾಗಿ ಕುಯ್ಲಿನ ಹೊತ್ತು. ಮಧ್ಯಾಹ್ನ ಸೊಣ್ಣಮ್ಮ ಹೊಲದಲ್ಲಿ ಬಾಗಿದ್ದಾಗ ಬೈರಣ್ಣ ಬದುವಿನ ಮೇಲೆ ಏದುಸಿರು ಬಿಡುತ್ತ ಬಂದು ನಿಂತ.

"ನೋವು ಶುರುವಾಗೈತೆ. ನಮ್ಮವ್ವ ಬೇರೆಯವ್ರನ್ನ ಕರೆಸ್ತೀನಿ ಅಂದ್ಲು. ಇವ್ಳು ಕೇಳ್ತಿಲ್ಲ. ನಂಗೆ ನಿಜ ಹೇಳಿದ್ದು ದೊಡ್ಡಮ್ಮ ಒಬ್ರೇ, ಅವ್ರೇ ಬರ್ಲಿ ಅಂತಾವ್ಳೆ."

ಸೊಣ್ಣಮ್ಮನಿಗೆ ಪೆಟ್ಟಿಗೆ ಎತ್ತಿಕೊಂಡದ್ದು, ದಾರಿ ಸವೆಸಿದ್ದು ಯಾವುದೂ ನೆನಪಿಲ್ಲ. ಜಗಲಿಯ ಮೇಲೆ ಲಕ್ಷ್ಮಿದೇವಮ್ಮ ಮುಖ ತಿರುಗಿಸಿ ಕೂತಿದ್ದಳು. ತಡೆಯಲಿಲ್ಲ, ಅಷ್ಟೇ. ಸೊಣ್ಣಮ್ಮ ನೀರು ಕುದಿಯಲು ಇಟ್ಟು, ಕತ್ತರಿ, ದಾರ ಹಾಕಿ, ಮೊಣಕೈವರೆಗೆ ಸೋಪು ಹಚ್ಚಿ ಉಜ್ಜಿದಳು. ತೊಳೆದದ್ದು ಸಾಲದೆಂದು ಮತ್ತೆ ಉಜ್ಜಿದಳು.

ಹೊತ್ತು ಇಳಿಯುವ ಮೊದಲು ಹೆಣ್ಣು ಮಗು ಹುಟ್ಟಿತು. ಬಳ್ಳಿ ಕಟ್ಟಿ ಕೊಯ್ದಳು. ಇನ್ನು ಮಾಡುವುದೇನೂ ಇಲ್ಲ. ಜೀವನದಲ್ಲಿ ಅವಳಿಗೆ ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿರಲಿಲ್ಲ: ಹೊಕ್ಕುಳಿಗೆ ಏನೂ ಹಚ್ಚದೆ ಹಾಗೇ ಬಿಡುವುದು. ಬೆರಳು ತಾವಾಗಿಯೇ ಏನನ್ನೋ ಹುಡುಕುತ್ತಿದ್ದವು. ಅವನ್ನು ಮಡಚಿ ಹಿಡಿದುಕೊಂಡಳು.

"ಏನೂ ಹಚ್ಚಲ್ವಾ?" ಲಕ್ಷ್ಮಿದೇವಮ್ಮ ಬಾಗಿಲಿಗೆ ಬಂದು ಕೇಳಿದಳು. ಕೈಯಲ್ಲಿ ಮೇಕೆ ಹಾಲಿನ ಬಟ್ಟಲಿತ್ತು.

"ಏನೂ ಇಲ್ಲಕ್ಕ."

ಮಗುವನ್ನು ಒರೆಸಿ ಸೊಣ್ಣಮ್ಮ ಮುನಿಲಕ್ಷ್ಮಮ್ಮನ ಎದೆಗೆ ಹಿಡಿದಳು. ಮುನಿಲಕ್ಷ್ಮಮ್ಮ ಹಿಂದೆ ಸರಿದಳು, ಅತ್ತೆಯ ಕಡೆ ನೋಡಿದಳು. ಲಕ್ಷ್ಮಿದೇವಮ್ಮ ಬಟ್ಟಲು ಹಿಡಿದು ನಿಂತೇ ಇದ್ದಳು. ಹೊರಗಿನಿಂದ ಬೈರಣ್ಣನ ದನಿ ಬಂತು. "ಅದನ್ನ ಒಳಗಿಡವ್ವ" ಎಂದ. ಎಂದೂ ತಾಯಿಗೆ ಎದುರಾಡದ ಗಂಡು. ಲಕ್ಷ್ಮಿದೇವಮ್ಮ ಅಡುಗೆಮನೆಗೆ ಹೋದಳು. ಮಗು ಮೊಲೆ ಹಿಡಿಯಿತು.

ಆಮೇಲಿನ ಎಂಟು ದಿನ ಆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಉಸಿರಾಡಲಿಲ್ಲ. ಸೊಣ್ಣಮ್ಮ ಬೆಳಗಾಗುತ್ತಲೇ ಬಂದು ನೀರೆರೆಯುತ್ತಿದ್ದಳು, ಹಾಲು ಕುಡಿಯುವವರೆಗೂ ಕದಲುತ್ತಿರಲಿಲ್ಲ. ಮುನಿಲಕ್ಷ್ಮಮ್ಮ ಅವಳೊಡನೆ ಬೇಕಾದಷ್ಟೇ ಮಾತಾಡಿದಳು. ಏಳನೇ ದಿನ ಕೂಸು ಆಕಳಿಸಿದರೂ ಮೂವರು ಹೆಂಗಸರೂ ಬಾಗಿ ಅದರ ದವಡೆ ನೋಡುತ್ತಿದ್ದರು. ಎಂಟು ಕಳೆಯಿತು. ಒಂಬತ್ತೂ ಕಳೆಯಿತು. ಹೊಕ್ಕುಳು ಒಣಗಿ ತಾನಾಗಿಯೇ ಬಿದ್ದುಹೋಯಿತು.

ಹತ್ತನೇ ದಿನ ಸೊಣ್ಣಮ್ಮ ಬಚ್ಚಲಲ್ಲಿ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಬೆನ್ನು ನೀವುತ್ತಿದ್ದಳು. ಮುನಿಲಕ್ಷ್ಮಮ್ಮ ಗೋಡೆಗೊರಗಿ ನೋಡುತ್ತಿದ್ದಳು.

"ದೊಡ್ಡಮ್ಮ."

"ಏನ್ ಕಂದ?"

"ಮೊದ್ಲನೇದಕ್ಕೂ ಹಿಂಗೇ ಕೂದ್ಲಿತ್ತಾ?"

ಸೊಣ್ಣಮ್ಮನ ಕೈ ನಿಂತಿತು. ಆ ಮನೆಯಲ್ಲಿ ಆಡಬಾರದ ಮಾತು ಅದು. ಬಾಗಿಲ ಆಚೆ ಲಕ್ಷ್ಮಿದೇವಮ್ಮ ಅಕ್ಕಿ ಆರಿಸುವ ಸದ್ದು ಕೇಳುತ್ತಿತ್ತು.

"ಮನೇಲಿ ಯಾರೂ ಹೇಳಲ್ಲ" ಎಂದಳು ಮುನಿಲಕ್ಷ್ಮಮ್ಮ. "ನಂಗೆ ಮರ್ತೋಗ್ತೈತೆ ದೊಡ್ಡಮ್ಮ. ಮುಖ ಮರ್ತೋಗ್ತೈತೆ. ನನ್ ಬಿಟ್ರೆ ಅವ್ನ ಜಾಸ್ತಿ ಎತ್ಕೊಂಡಿದ್ದೋಳು ನೀನೇ. ಹೇಳು."

ಸೊಣ್ಣಮ್ಮ ಒಂದು ಚೊಂಬು ನೀರನ್ನು ಮೆಲ್ಲಗೆ ಮಗುವಿನ ಬೆನ್ನಿಗೆ ಹುಯ್ದಳು. "ಇದಕ್ಕಿಂತ ಜಾಸ್ತಿ ಇತ್ತು ಕಣವ್ವ" ಎಂದಳು. "ಹಣೆ ಮೇಲೆಲ್ಲ ಇಳಿಬಿದ್ದಿತ್ತು. ನೀರು ಹುಯ್ದ್ರೆ ಅಳ್ತಾನೇ ಇರ್ಲಿಲ್ಲ, ಕಣ್ಣು ಬಿಟ್ಕೊಂಡು ನನ್ನೇ ನೋಡೋನು. ಎಡಗಿವಿ ಹಿಂದೆ ಒಂದು ಮಚ್ಚೆ ಇತ್ತು. ಎರಡನೇದು ಹಂಗಲ್ಲ, ಜೋರಿನೋಳು. ಸೆರಗು ಹಿಡ್ಕೊಂಡ್ರೆ ಬಿಡ್ತಾನೇ ಇರ್ಲಿಲ್ಲ..." ಅಷ್ಟು ಹೇಳಿ ಚೊಂಬನ್ನು ಮತ್ತೆ ನೀರಿಗೆ ಅದ್ದಿದಳು.

ಬಾಗಿಲಾಚೆ ಅಕ್ಕಿ ಆರಿಸುವ ಸದ್ದು ನಿಂತಿತ್ತು.

"ಅವ್ಳಿಗೆ ಗಲ್ಲದಲ್ಲಿ ಗುಳಿ ಬೀಳ್ತಿತ್ತು" ಎಂದಳು ಲಕ್ಷ್ಮಿದೇವಮ್ಮ, ಅಲ್ಲಿಂದಲೇ. "ಅದನ್ನೂ ಹೇಳು."